ಮೂರು ತಿಂಗಳ ಸೂಜಿ

ಹೋದ ಫೆಬ್ರವರಿಯಲ್ಲಿ ಒಂದು ಬೆಳಗ್ಗೆ ಶಿಕಾರಿಪುರದ ಬಸ್‌ಸ್ಟ್ಯಾಂಡಿನ ಹೊರಗೆ ಸೊರಬದ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಎದುರಿಗೆ ಗೂಡ್ಸ್ ಗಾಡಿಯೊಂದರಿಂದ ಶುಂಠಿ ಚೀಲ ಇಳಿಸುತ್ತಿದ್ದರು. ಒಂದು ಚೀಲದ ಬಾಯಿ ಬಿಚ್ಚಿ ಹಸಿ ಶುಂಠಿ ರಸ್ತೆಗೆ ಚೆಲ್ಲಿತು. ಯಾವುದೋ ಬೈಕು ಅದರ ಮೇಲೇ ಹತ್ತಿ ಹೋಯಿತು. ಮಣ್ಣು ಬೆರೆತ ಆ ಖಾರದ ವಾಸನೆ ಮೂಗಿಗೆ ಬಂದದ್ದೇ ತಡ, ನಾನು ಕೈಚೀಲ ಕೆಳಗಿಟ್ಟು ಕಂಬ ಹಿಡಿದು ನಿಂತೆ. ಜೊತೆಗಿದ್ದ ಹೊಸ ಸಿಸ್ಟರ್, "ಯಾಕ್ರಿ ಅಕ್ಕಾ, ಆರಾಮಿಲ್ಲೇನ್ರಿ?" ಎಂದಳು. ಏನಿಲ್ಲ ಎಂದೆ. ಬಸ್ಸು ಬಂತು. ಕಿಟಕಿ ಪಕ್ಕ ಕೂತವಳು ಸೊರಬ ತಲುಪುವವರೆಗೂ ನಾಲ್ಕು ವರ್ಷ ಹಿಂದಿನ ಒಂದು ಶುಂಠಿ ಕೀಳುವ ಕಾಲದಲ್ಲೇ ಇದ್ದೆ.

ಆಗ ನನಗೆ ಇಪ್ಪತ್ನಾಲ್ಕು. ಶಿಕಾರಿಪುರದ ಪೇಟೆಯಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವವರ ಮಗಳು, ಸೊರಬ ತಾಲ್ಲೂಕಿನ ಒಂದು ಆರೋಗ್ಯ ಉಪಕೇಂದ್ರಕ್ಕೆ ನರ್ಸಾಗಿ ಬಂದಿದ್ದೆ. ಅದೇ ನನ್ನ ಮೊದಲ ಕೆಲಸ. ಉಳವಿಯಿಂದ ನಾಲ್ಕು ಕಿಲೋಮೀಟರ್ ಒಳಗಿನ ಊರು. ಉಪಕೇಂದ್ರ ಎಂದರೆ ಎರಡು ಕೋಣೆ: ಒಂದರಲ್ಲಿ ಮಂಚ, ತೂಕದ ಯಂತ್ರ, ಬೀರು, ಇನ್ನೊಂದರಲ್ಲಿ ನಾನು. ಊರಿನ ಆಶಾ ಕಾರ್ಯಕರ್ತೆ ಶಾರದಕ್ಕ ಮನೆ ಮನೆ ತೋರಿಸಿ, ಯಾವ ಮನೆಯಲ್ಲಿ ನೀರು ಕುಡಿಯಬೇಕು, ಯಾವ ಮನೆಯಲ್ಲಿ ಮಾತು ಕಡಿಮೆ ಮಾಡಬೇಕು ಎಂಬುದನ್ನೂ ಕಲಿಸಿದಳು.

ಗೌರಿ ಹಬ್ಬ ಕಳೆದ ಗುರುವಾರ ಮಕ್ಕಳಿಗೆ ಲಸಿಕೆ ಹಾಕುವ ದಿನ ಪುಷ್ಪ ಬಂದಳು. ಇಪ್ಪತ್ತೇಳು ಇಪ್ಪತ್ತೆಂಟರ ಹೆಂಗಸು, ಕಂಕುಳಲ್ಲಿ ಒಂಬತ್ತು ತಿಂಗಳ ಹೆಣ್ಣುಮಗು. ದೊಡ್ಡ ಮಗಳು ಒಂದನೇ ಕ್ಲಾಸಿಗೆ ಹೋಗುತ್ತಿದ್ದಳು. ಸೂಜಿ ಚುಚ್ಚಿಸಿಕೊಂಡ ಮಗು ಅತ್ತು ಸುಮ್ಮನಾದರೂ ಅವಳು ಏಳಲಿಲ್ಲ. ಉಳಿದವರೆಲ್ಲ ಹೋದ ಮೇಲೆ ಕೇಳಿದಳು.

"ಸಿಸ್ಟರ್, ಮೂರು ತಿಂಗ್ಳಿಗೊಂದು ಸೂಜಿ ಬಂದದೆ ಅಂತಾರಲ್ಲ, ಮಕ್ಕಳಾಗ್ದಿದ್ದಂಗೆ. ಹೌದಾ?"

"ಹೌದು."

"ಹಾಕಿಸ್ಕಂಡ್ರೆ ಮನೇಲಿ ಗೊತ್ತಾಗ್ತದಾ?"

ಮಗುವಿನ ಬಟ್ಟೆಯ ಚೀಲದಿಂದ ಪ್ಲಾಸ್ಟಿಕ್ ಕವರಿನಲ್ಲಿ ಮಡಿಸಿಟ್ಟ ಕಾಗದ ತೆಗೆದು ಮೇಜಿನ ಮೇಲಿಟ್ಟಳು. ಎರಡನೇ ಹೆರಿಗೆಯಾದ ಆಸ್ಪತ್ರೆಯವರು ಮನೆಗೆ ಕಳಿಸುವಾಗ ಕೊಟ್ಟದ್ದು. ಎರಡೂ ಸಿಸೇರಿಯನ್. ಎರಡನೆಯದರಲ್ಲಿ ಮಾಸು ಗರ್ಭಕೋಶದ ಗೋಡೆಗೇ ಅಂಟಿಕೊಂಡು, ಬಿಡಿಸುವಾಗ ರಕ್ತ ನಿಂತಿರಲಿಲ್ಲ. ಬಾಟಲಿ ಮೇಲೆ ಬಾಟಲಿ ರಕ್ತ ಕೊಟ್ಟು ಉಳಿಸಿದ್ದರು. ಕೊನೆಯಲ್ಲಿ ಕೆಂಪು ಶಾಯಿಯಲ್ಲಿ ಇಂಗ್ಲಿಷಿನಲ್ಲಿ ಎರಡು ಸಾಲು: ಇನ್ನೊಂದು ಗರ್ಭ ಬೇಡ, ತಾಯಿಯ ಜೀವಕ್ಕೆ ಅಪಾಯ.

"ನಿಮ್ಮನೆಯವ್ರಿಗೆ ಇದು ತೋರ್ಸಿದೀರಾ?"

"ತೋರ್ಸಿದೆ. ಅವ್ರು ಅತ್ತೆನ ಕೇಳಿದ್ರು. ಅತ್ತೆ, ಎಲ್ಲರಿಗೂ ಹಂಗೇ ಬರೀತಾರೆ ಬಿಡು ಅಂದ್ರು. ಒಂದು ಗಂಡಾಗ್ಲಿ ಅಂತ ಮನೇಲಿ ಆಸೆ." ಸ್ವಲ್ಪ ತಡೆದು, "ಆಪರೇಷನ್ ಆದ್ರೆ ಮಲಗ್ಬೇಕು, ಹೊಲಿಗೆ ಕಾಣ್ತದೆ. ಇದಾದ್ರೆ ಕಾಣಲ್ಲ ಅಲ್ದಾ?"

ಅವಳನ್ನು ನಮ್ಮ ಉಪಕೇಂದ್ರ ಸೇರುವ ಉಳವಿ ಆಸ್ಪತ್ರೆಯ ಡಾಕ್ಟರ್ ಮೇಡಂ ಹತ್ತಿರ ಕರೆದುಕೊಂಡು ಹೋದೆ. ಅವರು ಬಿಪಿ ನೋಡಿ, ಕಾಗದವನ್ನು ಎರಡು ಸಲ ಓದಿ, ಗಂಡನಿಗೆ ಹೇಳುವುದು ಒಳ್ಳೆಯದು ಎಂದರು. "ಹೇಳಿದ್ರೆ ನಿಲ್ಲಿಸ್ತಾರೆ ಮೇಡಂ" ಎಂದಳು ಪುಷ್ಪ. ಮೇಡಂ ನನ್ನ ಕಡೆ ತಿರುಗಿ, "ಮೈ ಅವಳದು, ಸಹಿ ಅವಳದು. ಹಾಕ್ರಿ" ಎಂದರು. ಮುಟ್ಟು ಏರುಪೇರಾಗಬಹುದು, ನಿಂತೇ ಹೋಗಬಹುದು ಎಂದು ತಿಳಿಸಿದೆವು. ಅವಳು ತಲೆಯಾಡಿಸಿದಳು. ಮುಟ್ಟಾದ ಹೆಂಗಸು ಮೂರು ದಿನ ಒಲೆ ಮುಟ್ಟದೆ ಪಡಸಾಲೆಯ ಮೂಲೆಯಲ್ಲಿ ಕೂರುವ ಮನೆಯಲ್ಲಿ, ಮುಟ್ಟು ನಿಂತರೆ ಏನಾಗುತ್ತದೆ ಎಂದು ನಾವು ಮೂವರಲ್ಲಿ ಯಾರೂ ಯೋಚಿಸಲಿಲ್ಲ.

ಮೊದಲ ಸೂಜಿ ಅವತ್ತೇ ತೋಳಿಗೆ ಹಾಕಿದೆ, ಎರಡನೆಯದು ಡಿಸೆಂಬರಿನಲ್ಲಾಯಿತು. ಸೂಜಿಯ ದಿನ ಬರೆದ ಅವಳ ಕಾರ್ಡನ್ನು, ಮನೆಯವರ ಕಣ್ಣಿಗೆ ಬೀಳದಿರಲಿ ಎಂದು, ನನ್ನ ಬೀರುವಿನಲ್ಲೇ ಇಟ್ಟುಕೊಂಡಿದ್ದೆ.

ಜನವರಿಯ ಕೊನೆಗೆ ಊರಿನ ಸುತ್ತ ಶುಂಠಿ ಕೀಳುವ ಗಡಿಬಿಡಿ. ಎಲ್ಲೆಲ್ಲೂ ಅದೇ ವಾಸನೆ, ಹೆಂಗಸರ ಕೈಯಲ್ಲೆಲ್ಲ ಶುಂಠಿಯ ಉರಿ, ಉಪಕೇಂದ್ರಕ್ಕೆ ಬಂದವರಿಗೆ ನಾನು ಕೊಡುತ್ತಿದ್ದುದು ಬರೀ ಮುಲಾಮು. ಅಂಥ ಒಂದು ಮಧ್ಯಾಹ್ನ ಸೊಸೈಟಿ ಅಕ್ಕಿಗೆಂದು ಹೊರಟ ಪುಷ್ಪ ಖಾಲಿ ಚೀಲ ಹಿಡಿದುಕೊಂಡೇ ಒಳಗೆ ನುಗ್ಗಿದಳು. ಏದುಸಿರು ಬಿಡುತ್ತಿದ್ದಳು.

"ಸಿಸ್ಟರ್, ಎರಡು ತಿಂಗ್ಳಿಂದ ಹೊರಗಾಗಿಲ್ಲ. ಅತ್ತೆ ನಾನು ಬಸುರಿ ಅಂತ ಕೇರಿಗೆಲ್ಲ ಹೇಳಿದಾರೆ. ದಿನಾ ಹಾಲು ಕಾಸಿ ಕೊಡ್ತಾರೆ. ಇವ್ರು ನನ್ ಕೈಲಿ ಒಂದು ಕೊಡ ಎತ್ತಕ್ಕೆ ಬಿಡಲ್ಲ. ನಂಗೇ ಈಗ ಹೆದ್ರಿಕೆ ಆಗ್ತದೆ. ನಿಜವಾಗ್ಲೂ ನಿಂತಿದ್ರೆ?"

ಪರೀಕ್ಷೆ ಮಾಡಿದೆ. ಒಂದೇ ಗೆರೆ ಬಂತು. ಐದು ನಿಮಿಷ ಇಬ್ಬರೂ ಅದನ್ನೇ ನೋಡುತ್ತ ಕೂತೆವು, ಎರಡನೆಯದು ಮೂಡಲಿಲ್ಲ. ಪುಷ್ಪ ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ಆಮೇಲೆ ಕೇಳಿದಳು: "ಹಂಗಾರೆ ಆ ರಕ್ತ ಎಲ್ಲಿಗೆ ಹೋತು? ಒಳಗೇ ಕಟ್ಕಂಡು ಕೊಳೀತದಾ?"

"ಇಲ್ಲ, ಹಾಗೇನಾಗಲ್ಲ" ಎಂದೆ. ಯಾಕೆ ಆಗುವುದಿಲ್ಲ ಎಂದು ಹೇಳಲು ನನಗೆ ಬರಲಿಲ್ಲ. ಟ್ರೈನಿಂಗಿನಲ್ಲಿ ಬಾಯಿಪಾಠ ಮಾಡಿದ ಸಾಲುಗಳಷ್ಟೇ ನನಗೆ ಗೊತ್ತಿದ್ದದ್ದು.

ಶನಿವಾರದ ಮೀಟಿಂಗ್ ಮುಗಿದ ಮೇಲೆ ಮೇಡಂ ಹತ್ತಿರ ಉಳಿದುಕೊಂಡು ಕೇಳಿದೆ. ಅವರು ಪೆನ್ನಿನ ತುದಿಯಿಂದ ಹಣೆ ಮುಟ್ಟಿಕೊಂಡು, "ಎಲ್ಲರೂ ಹೊಟ್ಟೆ ನೋಡ್ತಾರೆ. ಇದರ ಯಜಮಾನಿಕೆ ಇರೋದು ಇಲ್ಲಿ" ಎಂದರು. ಮಿದುಳಿನ ತಳದಲ್ಲಿ ಒಂದು ಸಣ್ಣ ಜಾಗವಿದೆ. ಅದು ಗಂಟೆಗೋ ಎರಡು ಗಂಟೆಗೋ ಒಂದು ಸಲ ತನ್ನ ಕೆಳಗಿನ ಬಟಾಣಿ ಗಾತ್ರದ ಗ್ರಂಥಿಗೆ ಸೂಚನೆ ಕಳಿಸುತ್ತಲೇ ಇರುತ್ತದೆ. ಆ ಗ್ರಂಥಿ ರಕ್ತದ ಮೂಲಕ ಅಂಡಾಶಯಕ್ಕೆ ಹಾರ್ಮೋನ್ ಕಳಿಸುತ್ತದೆ. ತಿಂಗಳ ನಡುವೆ ಒಮ್ಮೆ ಅದು ಒಮ್ಮೆಲೇ ಉಕ್ಕಿದಾಗ ಅಂಡ ಹೊರಬೀಳುತ್ತದೆ. ಅಂಡ ಬಿಟ್ಟುಹೋದ ಜಾಗವೇ ಪ್ರೊಜೆಸ್ಟರಾನ್ ಎಂಬ ಹಾರ್ಮೋನ್ ತಯಾರಿಸುತ್ತದೆ. ಅದು ಮಿದುಳಿಗೆ ತಲುಪಿ ಆ ಸೂಚನೆಗಳನ್ನು ನಿಧಾನ ಮಾಡುತ್ತದೆ, ಇನ್ನೊಂದು ಅಂಡ ಈಗ ಬೇಡ ಎಂದು ತಡೆಯುತ್ತದೆ. ಗರ್ಭ ನಿಲ್ಲದಿದ್ದರೆ ಪ್ರೊಜೆಸ್ಟರಾನ್ ಇಳಿದು ಮುಟ್ಟಾಗುತ್ತದೆ, ಮಿದುಳು ಮತ್ತೆ ಕೆಲಸ ಶುರು ಮಾಡುತ್ತದೆ. ಗರ್ಭ ನಿಂತರೆ ಅದು ಇಳಿಯುವುದೇ ಇಲ್ಲ.

"ನಮ್ಮ ಸೂಜಿಯಲ್ಲಿರೋದು ಅದರದೇ ಜಾತಿಯ ಔಷಧಿ. ಮೂರು ತಿಂಗಳು ರಕ್ತದಲ್ಲಿ ಇಳಿಯದೆ ಇರುತ್ತೆ. ಮಿದುಳು ಸುಮ್ಮನಿರುತ್ತೆ. ಗರ್ಭಕೋಶದ ಒಳಪದರ ಬೆಳೆಯೋದೇ ಇಲ್ಲ. ಬೆಳೆಯದೇ ಇರೋದು ಉದುರೋದು ಹೇಗೆ? ಕಟ್ಟಿಕೊಳ್ಳೋಕೆ ಅಲ್ಲಿ ರಕ್ತವೇ ಇಲ್ಲ."

"ಹಂಗಾರೆ ಮೇಡಂ, ಹಾಲಮ್ಮನವರು ತಿಳ್ಕೊಂಡಿದ್ದು ಪೂರಾ ತಪ್ಪೇನಲ್ಲ. ಸೊಸೆಯ ಮಿದುಳೂ ಬಸುರಿ ಅಂತಲೇ ತಿಳ್ಕೊಂಡೈತಿ" ಎಂದೆ. ಹಾಲಮ್ಮ ಎಂದರೆ ಪುಷ್ಪಳ ಅತ್ತೆ.

ಮೇಡಂ ನಕ್ಕರು. ನಗು ಅರ್ಧಕ್ಕೇ ನಿಂತಿತು. "ಮೂರನೇ ಸೂಜಿ ಯಾವಾಗ?"

"ಮಾರ್ಚ್ ಮೊದಲ ವಾರ. ತಡ ಅಂದರೆ ಇನ್ನೊಂದು ನಾಲ್ಕು ವಾರ."

"ಅಷ್ಟರೊಳಗೆ ಹಾಕ್ಲೇಬೇಕು. ತಪ್ಪಬಾರ್ದು."

ಅದಾಗಿ ಒಂದು ವಾರಕ್ಕೆ ಪುಷ್ಪಳ ಗಂಡ ಬಸವರಾಜ ಉಪಕೇಂದ್ರದ ಮುಂದೆ ಗೂಡ್ಸ್ ಗಾಡಿ ನಿಲ್ಲಿಸಿ ಇಳಿದ. ಶುಂಠಿ ಸಾಗಿಸುವುದು ಅವನ ಕೆಲಸ. ಕೈಯಲ್ಲಿ ಪೇಡೆಯ ಡಬ್ಬಿ. "ತಾಯಿ ಕಾರ್ಡ್ ಮಾಡ್ಸಬೇಕಿತ್ತು ಸಿಸ್ಟರ್. ಹೋದ್ಸಲ ಬಹಳ ತ್ರಾಸಾಗಿತ್ತು. ಈ ಸಲ ಮೊದಲ ತಿಂಗಳಿಂದ್ಲೇ ತೋರಿಸ್ತೀನಿ" ಎಂದ. ಅವನ ಮುಖ ನೋಡಲಾಗದೆ ರಿಜಿಸ್ಟರ್ ತೆರೆದೆ. ಪರೀಕ್ಷೆ ಮಾಡದೆ ಕಾರ್ಡ್ ಕೊಡಲಾಗುವುದಿಲ್ಲ ಎಂದೆ. ಮಾರನೆಯ ದಿನ ಹಾಲಮ್ಮನೇ ಸೊಸೆಯ ಕೈ ಹಿಡಿದು ಕರೆತಂದರು. ಒಂದೇ ಗೆರೆ. ಹಾಲಮ್ಮ ಆ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದರು.

"ಹಂಗಾರೆ ಮುಟ್ಟು ಯಾಕೆ ನಿಂತದೆ?"

ಪುಷ್ಪ ನನ್ನನ್ನೇ ನೋಡುತ್ತಿದ್ದಳು. ಹೇಳಿದರೆ ಅವಳ ನಂಬಿಕೆಗೆ ದ್ರೋಹ. ಹೇಳದಿದ್ದರೆ ಆ ಹಿರಿಯ ಹೆಂಗಸಿನ ಎದುರಿಗೆ ಸುಳ್ಳು. "ಕೆಲವರಿಗೆ ಹಂಗಾಗ್ತೈತಿ, ಅಪಾಯ ಏನಿಲ್ಲ" ಎಂದೆ. ಹಾಲಮ್ಮ ನಂಬಲಿಲ್ಲ. ಮುಟ್ಟು ಕಟ್ಟಿದೆ ಎಂದು ಯಾರೋ ನಾಟಿ ಔಷಧಿಯವರಿಂದ ಕಷಾಯ ತಂದು ಕುಡಿಸತೊಡಗಿದರು. ಪುಷ್ಪ ಮನೆಯಿಂದ ಹೊರಗೆ ಬರುವುದೇ ನಿಂತಿತು. ಸೊಸೈಟಿ ಅಕ್ಕಿಗೂ ಹಾಲಮ್ಮನೇ ಬಂದರು. ಮಾರ್ಚ್ ಮೊದಲ ವಾರ ಕಳೆಯಿತು, ಎರಡನೆಯದೂ ಕಳೆಯಿತು. ಕಷಾಯ ಕುಡಿದು ಪುಷ್ಪ ವಾಂತಿ ಮಾಡುತ್ತಿದ್ದಾಳೆ ಎಂದು ಶಾರದಕ್ಕ ಸುದ್ದಿ ತಂದಳು.

ಮಾರನೆಯ ಮಧ್ಯಾಹ್ನ ಸೂಜಿಯನ್ನು ಚೀಲದಲ್ಲಿಟ್ಟುಕೊಂಡು, ಮಗುವಿನ ತೂಕ ನೋಡುವ ನೆಪದಲ್ಲಿ ಶಾರದಕ್ಕನ ಜೊತೆ ಅವರ ಮನೆಗೆ ಹೋದೆ. ಅಂಗಳದ ತುಂಬ ಬೀಜದ ಶುಂಠಿ ಹರಡಿತ್ತು. ಹಾಲಮ್ಮ ಕೊಳೆತದ್ದನ್ನು ಆರಿಸುತ್ತಿದ್ದರು. ಪುಷ್ಪ ಬಾಗಿಲಲ್ಲಿ ಕೂತಿದ್ದಳು, ಕಣ್ಣು ಒಳಗೆ ಹೋಗಿದ್ದವು. ಮಗುವನ್ನು ತೂಗುಚೀಲದಲ್ಲಿ ಕೂರಿಸುವಾಗ ಅವಳ ಬಳಿ ಒಂದು ಮಾತಾಡಲು ನೋಡಿದೆ. ಹಾಲಮ್ಮ ಎದ್ದು ಬಂದು ಪಕ್ಕದಲ್ಲೇ ನಿಂತರು. ಅಷ್ಟರಲ್ಲಿ ಬಸವರಾಜನ ಗಾಡಿಯ ಸದ್ದು. ಅವನು ಇಳಿದವನೇ ನೇರ ನನ್ನ ಮುಂದೆ ಬಂದ.

"ಸಿಸ್ಟರ್, ನೀವೇನೋ ಮುಚ್ಚಿಡ್ತಿದೀರಿ. ನಾಲ್ಕು ದಿನದಿಂದ ನಂಗೆ ನಿದ್ದೆ ಇಲ್ಲ. ಇವ್ಳಿಗೆ ಗಡ್ಡೆ ಗಿಡ್ಡೆ ಏನಾದ್ರೂ ಆಗೇತಾ? ಕ್ಯಾನ್ಸರಾ? ಏನಿದ್ರೂ ಹೇಳ್ರಿ, ಗಾಡಿ ಮಾರಿಯಾದ್ರೂ ತೋರಿಸ್ತೀನಿ."

ಅವನು ಬೈಯಲು ಬಂದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆನೇನೋ. ಪುಷ್ಪಳ ಕಡೆ ತಿರುಗಿದೆ. ಅವಳೇ ಹೇಳಿದಳು.

"ಕಾಯಿಲೆ ಅಲ್ಲ. ಮಕ್ಕಳಾಗ್ದಿದ್ದಂಗೆ ಸೂಜಿ ಹಾಕಿಸ್ಕಂಡಿದೀನಿ. ನಾನೇ ಕೇಳಿ ಹಾಕಿಸ್ಕಂಡೆ."

ಹಾಲಮ್ಮ ನನ್ನ ಮೇಲೆ ತಿರುಗಿದರು. "ನಮ್ ವಂಶ ಕಡಿಯಕ್ಕೆ ಬಂದ್ಯೇನೇ ಊರಿಗೆ? ನಿಮ್ಮನೇಲಿ ಹೆಣ್ಮಕ್ಕಳಿಲ್ವೇನೇ?" ಬಸವರಾಜ ಕೂಗಲಿಲ್ಲ. ಹೆಂಡತಿಯನ್ನು ನೋಡುತ್ತಲೇ ಇದ್ದವನು, "ನನ್ ಕೇಳ್ದೇ ಹೆಂಗೆ ಹಾಕಿದ್ರಿ? ನಾಳೆ ನಿಮ್ ಡಾಕ್ಟರ್ ಹತ್ರ ಮಾತಾಡ್ತೀನಿ. ಬರೆದೂ ಕೊಡ್ತೀನಿ" ಎಂದ. ಶಾರದಕ್ಕ ಮಗುವನ್ನು ಪುಷ್ಪಳ ತೊಡೆಗೆ ಹಾಕಿ ನನ್ನ ರಟ್ಟೆ ಹಿಡಿದು ಎಳೆದುಕೊಂಡು ಬಂದಳು. ಸೂಜಿ ಚೀಲದಲ್ಲೇ ಉಳಿಯಿತು.

ಕೆಲಸ ಹೋಗಬಹುದು ಎಂಬ ಹೆದರಿಕೆ ಇತ್ತು. ಆದರೆ ಅದಕ್ಕಿಂತ ಹೆಚ್ಚಾಗಿ, ಆ ಮನೆಯೊಳಗೆ ಈಗ ಏನು ನಡೆಯುತ್ತಿದೆಯೋ ಎಂಬುದೇ ನನ್ನನ್ನು ಕೊರೆಯುತ್ತಿತ್ತು.

ಮರುದಿನ ಹತ್ತು ಗಂಟೆಗೆ ಗಂಡ, ಹೆಂಡತಿ, ಅತ್ತೆ ಮೂವರೂ ಆಸ್ಪತ್ರೆಗೆ ಬಂದರು. ಮೇಡಂ ಬಾಗಿಲು ಹಾಕಿಸಿ ಎಲ್ಲರನ್ನೂ ಕೂರಿಸಿದರು. ಬಸವರಾಜ ಮೊದಲು ಕೇಳಿದ್ದು ಇದು: "ತೋಳಿಗೆ ಚುಚ್ಚಿದ್ದು ಹೊಟ್ಟೆಗೆ ಹೆಂಗೆ ಹೋತು? ಅವಳ ಗರ್ಭಕೋಶ ಸುಟ್ಟು ಹಾಕಿದೀರಾ?"

"ನೀವೇ ಹೇಳ್ರಿ ಸಿಸ್ಟರ್" ಎಂದರು ಮೇಡಂ.

ನನ್ನ ತಾತನ ಗದ್ದೆ ಅಂಜನಾಪುರದ ನಾಲೆಯಡಿ ಇತ್ತು. ಅಲ್ಲಿ ಕಂಡದ್ದನ್ನೇ ಹಿಡಿದುಕೊಂಡು ಶುರು ಮಾಡಿದೆ. "ಕೆರೆ ತೂಬು ಎತ್ತೋ ನೀರಗಂಟಿ ಇರ್ತಾನಲ್ರಿ, ಗದ್ದೆ ಒಣಗೇತಿ ಅಂತ ಸುದ್ದಿ ಬಂದ್ರೆ ತೂಬು ಎತ್ತುತಾನೆ. ಗದ್ದೆ ತುಂಬೇತಿ, ಸಾಕು ಅಂತ ಹೇಳಿ ಕಳಿಸಿದ್ರೆ ಎತ್ತಲ್ಲ. ನಮ್ಮ ತಲೇಲೂ ಅಂಥ ಒಬ್ಬ ಅದಾನೆ ಅಂತ ತಿಳ್ಕೊಳ್ರಿ. ಬಸುರಾದಾಗ ಮೈಯೇ ಅವನಿಗೆ ಸಾಕು ಅಂತ ಹೇಳಿ ಕಳಿಸ್ತೈತಿ. ಈ ಸೂಜಿನೂ ಅದೇ ಮಾತು ಹೇಳ್ತೈತಿ. ಅವನು ತೂಬು ಎತ್ತಲ್ಲ, ಅಂಡ ಬರಲ್ಲ. ಗದ್ದೆಗೇನೂ ಆಗಿಲ್ರಿ, ತೂಬಿಗೂ ಏನೂ ಆಗಿಲ್ಲ. ಸೂಜಿ ನಿಲ್ಲಿಸಿದ್ರೆ ಕೆಲವು ತಿಂಗಳಿಗೆ ಎಲ್ಲ ಮೊದಲಿನಂಗೆ."

ಬಸವರಾಜ ಉಸಿರು ಬಿಟ್ಟ. "ಹಂಗಾರೆ ನಿಲ್ಲಿಸ್ರಿ. ಒಂದು ಮಗು ಆದ್ಮೇಲೆ ಬೇಕಾದ್ರೆ ಹಾಕ್ರಿ."

ಮೇಡಂ ಪುಷ್ಪಳ ಕಡೆ ನೋಡಿದರು. "ಕಾಗದ ಓದ್ಲಾ?" ಅವಳು ತಲೆಯಾಡಿಸಿದಳು. ಮೇಡಂ ಇಂಗ್ಲಿಷಿನ ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳಿದರು. ಎಷ್ಟು ರಕ್ತ ಹೋಗಿತ್ತು, ಎಷ್ಟು ಹೊತ್ತು ನಾಡಿ ಸಿಕ್ಕಿರಲಿಲ್ಲ, ಕೊನೆಯ ಕೆಂಪು ಸಾಲು ಏನು. ಅದಾದ ಮೇಲೆ ಇನ್ನೊಂದು ಸಾಲು ಇತ್ತು, ನಾನು ಅವತ್ತು ಗಮನಿಸದೆ ಬಿಟ್ಟದ್ದು: ಅಪಾಯವನ್ನು ಅತ್ತೆಯವರಿಗೆ ತಿಳಿಸಲಾಗಿದೆ.

ಬಸವರಾಜ ನಿಧಾನವಾಗಿ ತಾಯಿಯ ಕಡೆ ತಿರುಗಿದ. "ಹೆರಿಗೆ ದಿನ ನಾನು ರಕ್ತ ತರಕ್ಕೆ ಹೋಗಿದ್ದೆ. ನೀನಿದ್ಯಲ್ಲ ಆಪರೇಷನ್ ಬಾಗ್ಲಲ್ಲಿ. ನಿಂಗೆ ಹೇಳಿದ್ರಾ ಅವ್ವಾ?"

ಹಾಲಮ್ಮ ಸೆರಗಿನ ತುದಿ ತಿರುಚುತ್ತ ಕೂತಿದ್ದರು. "ಹೇಳಿದ್ರು."

"ನಾನು ಕೇಳಿದ್ರೆ ಎಲ್ಲರಿಗೂ ಹಂಗೇ ಬರೀತಾರೆ ಅಂದ್ಯಲ್ಲ, ನಂಗ್ಯಾಕೆ ಹೇಳ್ಲಿಲ್ಲ?"

"ನಂಗೂ ಹಂಗೇ ಹೇಳಿದ್ರು ಕಣೋ, ನಿಮ್ಮಕ್ಕ ಹುಟ್ಟಿದಾಗ. ಇನ್ನೊಂದು ಹೆತ್ರೆ ಸಾಯ್ತೀಯ ಅಂದ್ರು. ಸತ್ನಾ? ನೀನು ಹುಟ್ಲಿಲ್ವಾ?"

ಮೇಡಂ ಕುರ್ಚಿ ಮುಂದಕ್ಕೆಳೆದು ಹಾಲಮ್ಮನ ಹತ್ತಿರ ಕೂತರು. "ನೀವು ಉಳಿದ್ರಿ, ಅದಕ್ಕೇ ಇವತ್ತು ಇಲ್ಲಿ ಕೂತು ಹೇಳ್ತಿದೀರಿ. ಉಳೀದೇ ಇರೋರು ಬಂದು ಹೇಳಲ್ಲ ಹಾಲಮ್ಮ."

ಬಸವರಾಜ ಎದ್ದು ಹೋಗಿ ಗಾಡಿಯಲ್ಲಿ ಕೂತ. ದೂರು ಬರೆದು ಕೊಡಲಿಲ್ಲ. ಸೂಜಿಗೆ ಒಪ್ಪಿಗೆಯನ್ನೂ ಹೇಳಲಿಲ್ಲ. ಪುಷ್ಪಳನ್ನು ಅಲ್ಲೇ ಹಾಕಿಸಿಕೊಳ್ಳುತ್ತೀಯಾ ಎಂದು ಮೇಡಂ ಕೇಳಿದರು. ಅವಳು ಕಿಟಕಿಯಿಂದ ಗಂಡನನ್ನು ನೋಡಿ, "ಇವತ್ತು ಬೇಡ ಮೇಡಂ. ಮನೆಗೆ ಹೋಗಿ ಮಾತಾಡ್ತೀನಿ" ಎಂದಳು.

ಆಮೇಲಿನ ಹತ್ತು ದಿನ ನಾನು ಹೇಗೆ ಕಳೆದೆನೋ. ಬಿಸಿಲು ಏರಿತ್ತು. ಶುಂಠಿಯ ಗಾಡಿಗಳು ಕಡಿಮೆಯಾಗಿ ರಸ್ತೆಯಲ್ಲಿ ಧೂಳಷ್ಟೇ ಉಳಿದಿತ್ತು. ಯಾವ ಗಾಡಿ ಸದ್ದಾದರೂ ಬಾಗಿಲಿಗೆ ಬರುತ್ತಿದ್ದೆ. ಆ ಮನೆಯಲ್ಲಿ ತಾಯಿ ಮಗ ಮಾತು ಬಿಟ್ಟಿದ್ದಾರೆ, ಕಷಾಯದ ಮಡಕೆಯನ್ನು ಬಸವರಾಜ ಹಿತ್ತಲಿಗೆ ಎಸೆದನಂತೆ ಎಂದು ಶಾರದಕ್ಕ ಹೇಳಿದಳು. ನಾನಾಗಿ ಹೋಗಬಾರದು ಎಂದು ಮೇಡಂ ಕಟ್ಟಪ್ಪಣೆ ಮಾಡಿದ್ದರು. ನಾಲ್ಕು ವಾರದ ಗಡುವಿಗೆ ಐದು ದಿನ ಉಳಿಯಿತು, ಮೂರಾಯಿತು, ಎರಡಾಯಿತು. ಔಷಧಿ ಇಳಿಯುತ್ತಿರಬಹುದು, ಅವಳ ಮಿದುಳು ಮತ್ತೆ ಎದ್ದು ಕೂರುತ್ತಿರಬಹುದು ಎಂದು ಯೋಚಿಸಿದಾಗೆಲ್ಲ ಆ ಕೆಂಪು ಸಾಲು ಕಣ್ಣಿಗೆ ಬರುತ್ತಿತ್ತು.

ಯುಗಾದಿಗೆ ಮೂರು ದಿನ ಇರುವಾಗ ಹನ್ನೊಂದು ಗಂಟೆಗೆ ಗಾಡಿ ಬಂದು ನಿಂತಿತು. ಬಸವರಾಜ ಇಳಿಯಲಿಲ್ಲ, ಸ್ಟೀರಿಂಗ್ ಹಿಡಿದು ಮುಂದೆ ನೋಡುತ್ತ ಕೂತ. ಇಳಿದವರು ಪುಷ್ಪ, ಅವಳ ಹಿಂದೆ ಮಗುವನ್ನು ಎತ್ತಿಕೊಂಡ ಹಾಲಮ್ಮ.

"ಹಾಕ್ಬೇಕಂತೆ, ಹಾಕು" ಎಂದರು ಹಾಲಮ್ಮ, ನನ್ನ ಮುಖ ನೋಡದೆ.

ಮೊದಲು ಗರ್ಭದ ಪರೀಕ್ಷೆ ಮಾಡಿದೆ, ಒಂದೇ ಗೆರೆ ಬಂತು. ಬಿಪಿ ನೋಡಿದೆ. ಪುಷ್ಪ ತೋಳು ಚಾಚಿದಳು. ಸೂಜಿ ಇಳಿಸುವಾಗ ಹಾಲಮ್ಮ ಮಂಚದ ಮೇಲೆ ಕೂತು ಬಾಗಿ ನೋಡುತ್ತಿದ್ದರು. "ಉಜ್ಜಬಾರ್ದು, ಹಂಗೇ ಬಿಡಬೇಕು" ಎಂದೆ. ಪುಷ್ಪ ಸೆರಗು ಸರಿ ಮಾಡಿಕೊಂಡು ಮಗುವನ್ನು ಇಸಿದುಕೊಂಡು ಗಾಡಿಗೆ ಹೋದಳು. ಬಸವರಾಜ ಒಳಗಿನಿಂದ ಕೈ ಚಾಚಿ ಬಾಗಿಲು ತೆರೆದ. ಮರುವರ್ಷ ಅವಳು ಆಪರೇಷನ್ ಮಾಡಿಸಿಕೊಂಡಾಗ ಹೊರಗೆ ಕಾದವನೂ ಅವನೇ. ಆದರೆ ಅವತ್ತು ಅದೆಲ್ಲ ನನಗೆ ಗೊತ್ತಿರಲಿಲ್ಲ.

ಹಾಲಮ್ಮ ಮಂಚದ ಮೇಲಿಂದ ಏಳಲಿಲ್ಲ. ಖಾಲಿ ಸಿರಿಂಜನ್ನು ನಾನು ಡಬ್ಬಿಗೆ ಹಾಕುವುದನ್ನೇ ನೋಡುತ್ತಿದ್ದರು.

"ನಮ್ ಕಾಲಕ್ಕೆ ಇದು ಇತ್ತಾ?"

"ನಮ್ಮ ಕಡೆ ಇರಲಿಲ್ಲ ಕಾಣ್ತೈತ್ರಿ."

"ಇದ್ದಿದ್ರೆ ಇವನು ಇರ್ತಿರ್ಲಿಲ್ಲ" ಎಂದು ಕಿಟಕಿಯ ಕಡೆ ಕತ್ತು ತಿರುಗಿಸಿದರು. ನಾನು ಡಬ್ಬಿಯ ಮುಚ್ಚಳ ಹಾಕಿದೆ. ಅವರೇ ಮುಂದುವರಿಸಿದರು. "ಇವನು ಹೊಟ್ಟೇಲಿದ್ದಾಗ ದಿನಾ ದೀಪ ಹಚ್ಚುವಾಗ ಇದೇ ಕೊನೇದು ಅನ್ಕಂತಿದ್ದೆ. ಮಗಳ ತಲೆ ಬಾಚ್ತಾ ಅಳ್ತಿದ್ದೆ. ಯಾರಿಗೂ ಹೇಳಿರ್ಲಿಲ್ಲ. ಹುಟ್ಟಿದ, ಎತ್ಕಂಡೆ, ಎಲ್ಲ ಮರ್ತೋತು ನೋಡು. ಮೊನ್ನೆ ಆ ಡಾಕ್ಟ್ರಮ್ಮ ಓದುವಾಗ ಇವಳ ಮುಖ ನೋಡ್ದೆ."

ಹೊರಗೆ ಬಸವರಾಜ ಗಾಡಿ ಚಾಲೂ ಮಾಡಿದ. ಹಾಲಮ್ಮ ಮೊಣಕಾಲಿಗೆ ಕೈಯೂರಿ ಎದ್ದರು. ಬಾಗಿಲಲ್ಲಿ ನಿಂತು, ಅವತ್ತು ಮೊದಲ ಸಲ ನನ್ನ ಮುಖ ನೋಡಿ ಕೇಳಿದರು.

"ಮುಂದಿನ್ದು ಯಾವಾಗ?"

"ಜೂನಿನಲ್ಲಿ, ಕಾರುಣ್ಣಿಮೆ ಕಳೆದ ಮೇಲೆ."

"ಆಗ್ಲಿ. ಅವ್ನು ಗಾಡಿ ತಗಂಡು ಎಲ್ಲಿರ್ತಾನೋ ಏನೋ. ನಾನೇ ಕರ್ಕಂಬರ್ತೀನಿ."